ಏಳನೇ ನಂಬರಿನ ಬಿಲ್ಲೆ

ಫೋಟೋ ಅಕ್ಕನ ಕ್ಯಾಮರಾ ಸತ್ತು ನಾಲ್ಕು ವರ್ಷವಾಗಿತ್ತು. ಅದು ಗೊತ್ತಿದ್ದದ್ದು ಅವಳಿಗೆ ಮತ್ತು "ಇದನ್ನ ಮಣ್ಣು ಮಾಡಿ" ಎಂದಿದ್ದ ರಿಪೇರಿಯವನಿಗೆ ಮಾತ್ರ. ಅವಳು ಮಣ್ಣು ಮಾಡಲಿಲ್ಲ. ಸತ್ತ ಗಂಡನದೆಂಬ ಮಮಕಾರಕ್ಕಲ್ಲ, ಹೊಟ್ಟೆಪಾಡಿಗೆ. ಉದ್ಯಾನದ ಕೊಳದ ಬಳಿ ಐವತ್ತೆಂಟರ ಹೆಂಗಸೊಬ್ಬಳು ಬರಿಗೊರಳಲ್ಲಿ ನಿಂತು "ಫೋಟೋ ತೆಗೀಲಾ?" ಎಂದರೆ ಜನ ಚೀಲ ಬಿಗಿಹಿಡಿಯುತ್ತಾರೆ. ಅದೇ ಕೊರಳಲ್ಲಿ ಗೇಣುದ್ದದ ಕ್ಯಾಮರಾ ತೂಗಿದರೆ ಕೂದಲು ಸರಿಮಾಡಿಕೊಳ್ಳುತ್ತಾರೆ. ಅದನ್ನು ಕಣ್ಣಿಗೆ ಹಿಡಿದು "ಬೆಳಕು ನೋಡ್ತೀನಿ" ಎನ್ನುವಳು. ಆಮೇಲೆ ಫೋನಿನಲ್ಲಿ ತೆಗೆದು, ಹೆಗಲ ಚೀಲದ ಪುಟ್ಟ ಯಂತ್ರದಿಂದ ಪ್ರಿಂಟು ಹಾಕಿ ಕೊಡುವಳು. ಮೋಸವೇ ಎಂದರೆ ಮೋಸವೇ. ಚಿತ್ರ ಮಾತ್ರ ಚೆನ್ನಾಗಿರುತ್ತಿತ್ತು.

ಆ ಸೋಮವಾರ ಗೇಟಿನಲ್ಲಿ ಹೊಸ ಬೋರ್ಡು ಬಂದಿತ್ತು: ವೃತ್ತಿಪರರದಂತೆ ಕಾಣುವ ಕ್ಯಾಮರಾ ಒಳಗೆ ತರುವಂತಿಲ್ಲ.

"ಅಕ್ಕಾ, ಅದನ್ನ ಇಲ್ಲೇ ಬಿಡಿ," ಅಂದ ಗೇಟಿನವನು. ದಿನಕ್ಕೆ ಹನ್ನೊಂದು ಗಂಟೆ ನಿಂತೇ ಇರುವ ಕೆಲಸ ಅವನದು. ಪಾದ ಊದಿ ಬೂಟಿನ ದಾರ ಬಿಚ್ಚಿಕೊಂಡಿದ್ದ.

"ಇಷ್ಟು ವರ್ಷ ಇಲ್ಲದ್ದು ಈಗ್ಯಾಕಪ್ಪಾ?"

"ನನ್ನ ಕೇಳಿ ಬರೆದ್ರಾ?"

ಹಿಂದೆ ಸಾಲು ಬೆಳೆಯುತ್ತಿತ್ತು, ಎಲ್ಲರ ಕೈಯಲ್ಲೂ ಫೋನು. ಕ್ಯಾಮರಾ ಸತ್ತಿದೆ ಎಂದರೆ ಇವನು ಬಿಟ್ಟಾನು; ಆದರೆ ಸಾಲಿನವರು ಕೇಳಿಸಿಕೊಂಡರೆ ಕೊಳದ ಬಳಿ ಅವಳ ಕಥೆ ಮುಗಿದಂತೆ. ಸಾಲು ಕರಗುವ ತನಕ ಕಟ್ಟೆಯ ಮೇಲೆ ಕೂತಳು. ಮಂಡಿ ಹಿಡಿದುಕೊಂಡಿತು. ಕೊನೆಗೆ ಅವನ ಗೂಡಿಗೆ ಹೋಗಿ ಪಿಸುಗುಟ್ಟಿದಳು.

"ಇದು ಕೆಟ್ಟು ನಾಲ್ಕು ವರ್ಷ ಆಯ್ತು ಕಣೋ. ಬೇಕಿದ್ರೆ ಒತ್ತಿ ನೋಡು."

ಒತ್ತಿದ. ತೆಂಗಿನಕಾಯಿ ಪರೀಕ್ಷಿಸುವವನಂತೆ ಕಿವಿಯ ಬಳಿ ಹಿಡಿದು ಅಲ್ಲಾಡಿಸಿದ. ಒಳಗೇನೋ ಗಲಗಲ ಎಂದಿತು.

"ನಾಲ್ಕು ವರ್ಷದಿಂದ ಹೆಣ ಹೊತ್ಕೊಂಡು ತಿರುಗ್ತಿದ್ದೀರಾ? ಭಲೇ ಅಕ್ಕ ನೀವು." ನಗು ಅರ್ಧಕ್ಕೇ ನಿಂತಿತು. "ಆದ್ರೂ ಬಿಡೋಕಾಗಲ್ಲ. ಕೆಲಸ ಮಾಡೋ ಕ್ಯಾಮರಾ ಅಂತ ಬರೆದಿಲ್ಲ ಅವರು, ಕಾಣೋದು ಅಂತ ಬರೆದಿದ್ದಾರೆ. ಇದು ಕಾಣುತ್ತೆ."

ಕುರ್ಚಿಯಲ್ಲಿ ಕೂತು ನಿಯಮ ಬರೆಯುವವರು ಯಾವತ್ತೂ ಅಷ್ಟೇ. ಕೊರಳಲ್ಲಿ ನೇತಾಡುವುದು ಕಣ್ಣಿಗೆ ಬೀಳುತ್ತದೆ, ಅದರ ಕೆಳಗಿನ ಹೊಟ್ಟೆ ಬೀಳುವುದಿಲ್ಲ. ಗೇಟಿನವನು ಕ್ಯಾಮರಾವನ್ನು ಗೂಡಿನ ಮೊಳೆಗೆ ನೇತುಹಾಕಿ, ಏಳನೇ ನಂಬರಿನ ತಗಡಿನ ಬಿಲ್ಲೆ ಕೊಟ್ಟ.

ಮೊದಲ ದಿನ ಒಬ್ಬ ತಾಯಿ ಮಗುವನ್ನು ಹತ್ತಿರಕ್ಕೆಳೆದುಕೊಂಡು, "ಯಾರಮ್ಮಾ ನೀನು? ನನ್ನ ಮಗು ಫೋಟೋ ನಿನಗ್ಯಾಕೆ?" ಎಂದಳು. ಎರಡನೆಯ ದಿನ ಅಷ್ಟು ಕೇಳುವವರೂ ಇರಲಿಲ್ಲ. ಮೂರನೆಯ ದಿನ, ಬಿಲ್ಲೆ ಕಳೆದೀತೆಂದು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡು ಬೆಂಚಿನ ಮೇಲೆ ಕೂತಿದ್ದಳು. ಹೆಂಡತಿಯೊಡನೆ ಬಂದ ಮುದುಕನೊಬ್ಬ ಪಕ್ಕದಲ್ಲಿ ಕೂತು ಬಗ್ಗಿ ನೋಡಿದ.

"ಅದೇನು, ಪದಕವಾ?"

"ನನ್ನ ಕ್ಯಾಮರಾನ ಒಳಗೆ ಹಾಕಿದ್ದಾರೆ. ಅದರ ಬಿಲ್ಲೆ."

"ಏನು ತಪ್ಪು ಮಾಡಿತ್ತು?"

"ದೊಡ್ಡದಾಯ್ತಂತೆ."

ಮುದುಕ ಹೆಂಡತಿಯ ಕಡೆ ತಿರುಗಿದ. "ಕೇಳಿದ್ಯೇನೇ? ಗೇಟಲ್ಲಿ ನೇತಾಡ್ತಿತ್ತಲ್ಲ, ಇವರದ್ದಂತೆ."

ಮುದುಕಿ ಕೂದಲು ಸರಿಮಾಡಿಕೊಂಡಳು. "ಹಾಗಾದ್ರೆ ಫೋನಲ್ಲೇ ಒಂದು ತೆಗೀರಿ. ಇವರು ತೆಗೆದ್ರೆ ನನ್ನ ತಲೆಯೇ ಇರಲ್ಲ."

ಫೋಟೋ ಅಕ್ಕ ಮಂಡಿ ಒತ್ತಿಕೊಂಡು ಎದ್ದಳು. ನಗುವಷ್ಟು ತ್ರಾಣ ಉಳಿದಿರಲಿಲ್ಲ. "ಬೆಳಕು ನೋಡ್ತೀನಿ" ಎಂದು ರೂಢಿಯಂತೆ ಎದೆಯ ಮೇಲೆ ಕೈ ಹಾಕಿದರೆ ತಗಡು ಸಿಕ್ಕಿತು. ನಂಬರು ಕಾಣುವ ಹಾಗೆ ಅದನ್ನು ಮುಂದಕ್ಕೆ ತಿರುಗಿಸಿಕೊಂಡು, ಫೋನು ಎತ್ತಿದಳು.