ಎಂಟು ಹಸಿರು ಬಳೆ

ಕಾರು ಮಗುಚಿ ಕೈಗೆ ಪೆಟ್ಟಾದರೆ ಮೊದಲು ಏನು ಮಾಡಬೇಕು ಅಂತ ಯಾರಾದರೂ ಕೇಳಿದರೆ ನನ್ನದು ಒಂದೇ ಮಾತು. ಬಳೆ ತೆಗೆಯಿರಿ. ಕೇಳಿದವರು ನಗುತ್ತಾರೆ. ನಗಲಿ.

ನಾದಿನಿಯ ಮದುವೆ ಮಾತಿಗೆಂದು ನಾನೂ ನಮ್ಮವರೂ ಸಿಂದಗಿ ದಾಟಿ ಬಾಗೇವಾಡಿ ಕಡೆ ಹೊರಟಿದ್ದೆವು. ಬೀಗರಾಗುವವರ ಮನೆಗೆ ಬರಿಗೈಲಿ ಹೋಗಬಾರದೆಂದು ಹಿಂದಿನ ದಿನವಷ್ಟೇ ಎರಡೂ ಕೈಗೆ ಒಂದೊಂದು ಡಜನ್ ಹಸಿರು ಬಳೆ ಇಡಿಸಿಕೊಂಡಿದ್ದೆ, ಬಿಗಿಯಾಗಿ. ಕಾರು ನಮ್ಮವರೇ ನಡೆಸುತ್ತಿದ್ದರು. ಕುರಿಹಿಂಡು ಅಡ್ಡ ಬಂತು. ಕಾರು ಹೊಲಕ್ಕಿಳಿದು ಮಗುಚಿತು.

ಕರೆದೆ. ನಮ್ಮವರು ಓ ಅನ್ನಲಿಲ್ಲ.

ಕುರುಬರು ನಮ್ಮನ್ನು ಎತ್ತಿ ದಾರಿಯಲ್ಲಿ ಬಂದ ಲಾರಿಗೆ ಹಾಕಿದರು. ಎಡಗೈ ಬಳೆ ಎಲ್ಲ ಒಡೆದಿದ್ದವು. ನನ್ನ ಬಲ ಮಣಿಕಟ್ಟು ಮುರಿದಿತ್ತು, ಆದರೂ ಅದರಲ್ಲಿ ಎಂಟು ಬಳೆ ಉಳಿದಿದ್ದವು. ಅದನ್ನು ನೋಡಿ ಆ ಕುರುಬರ ಮುದುಕಿ, ನಿನ್ನ ಮುತ್ತೈದೆತನ ಗಟ್ಟಿ ಐತಿ ತಂಗಿ, ಅಂದಳು. ಆ ಮಾತು ಗಟ್ಟಿಯಾಗಿ ಹಿಡಿದುಕೊಂಡೆ.

ಬಿಜಾಪುರದ ದವಾಖಾನೆಯಲ್ಲಿ ಡಾಕ್ಟರು, ಕೈ ಬಾತುಕೊಳ್ಳುತ್ತದೆ, ಬಳೆ ತೆಗೆಯದಿದ್ದರೆ ರಕ್ತ ಓಡಾಡುವುದಿಲ್ಲ, ಅಂದರು. ನಮ್ಮವರು ಪಕ್ಕದ ವಾರ್ಡಿನಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದರು.

"ಅವ್ರು ಕಣ್ಣು ತೆರೀಲ್ರಿ. ಆಮ್ಯಾಲೆ ನೀವ ಒಡೀರಿ."

ನರ್ಸು ಸಾಬೂನು ತಂದರೆ ಕೈಯನ್ನು ಸೆರಗಿನೊಳಗೆ ಮುಚ್ಚಿಟ್ಟೆ. ಡಾಕ್ಟರು ಬೈದು ಹೋದರು. ಹಟಮಾರಿ ಅಂತ ನಮ್ಮ ಮನೆಯಲ್ಲಿ ನನಗೆ ಮೊದಲೇ ಹೆಸರಿತ್ತು. ಸಂಜೆಗೆ ಬಳೆಗಳು ಮಾಂಸದಲ್ಲಿ ಹೂತುಹೋದವು. ಆಮೇಲೆ ನೋವು ತಾನಾಗಿ ಇಳಿಯಿತು. ಗುಣವಾಗುತ್ತಿದೆ ಎಂದುಕೊಂಡೆ.

ಬೆಳಗ್ಗೆ ನೋಡಿದರೆ ಬೆರಳು ನೀಲಿಗಟ್ಟಿದ್ದವು.

ಮೊದಲ ಬಸ್ಸಿಗೆ ನಮ್ಮೂರು ಆಲಮೇಲದಿಂದ ಅತ್ತಿ ಬಂದರು. ಮಗನ ಹತ್ತಿರ ಸ್ವಲ್ಪ ಹೊತ್ತು ನಿಂತು, ನನ್ನ ಬಳಿ ಬಂದು ಕೂತರು. ಡಾಕ್ಟರು ಎಲ್ಲ ಹೇಳಿದರು. ಅತ್ತಿ ನನ್ನ ಪರ ಇರುತ್ತಾರೆಂದು ನನಗೆ ಖಾತ್ರಿಯಿತ್ತು. ಒಂದು ಬಳೆ ಒಡೆದರೂ ಮನೆ ತುಂಬ ಬೈಯುವ ಹೆಂಗಸು. ನನ್ನ ಕೈ ತೊಡೆಯ ಮೇಲೆ ಇಟ್ಟುಕೊಂಡರು. ಅವರ ಕೈ ಬರಿದಾಗಿ ಹದಿನೈದು ವರ್ಷವಾಗಿತ್ತು.

"ನಿಮ್ಮ ಮಾವ ಹೋದ ದಿನ ನನ್ನ ಕೈಯಾಗ ಎರಡು ಡಜನ್ ಬಳಿ ಇದ್ವು. ಒಂದಾದ್ರೂ ಒಡದಿತ್ತೇನು?"

ಆ ಕೆಲಸ ನರ್ಸಿನ ಕೈಗೆ ಕೊಡಲಿಲ್ಲ. ಸೆರಗು ಹಾಸಿ, ಕತ್ತರಿಯ ಹಿಡಿಯಿಂದ ಎಂಟನ್ನೂ ತಾವೇ ಒಡೆದರು. ನಾನು ಅತ್ತೆ. ಕೈ ನೋವಿಗಲ್ಲ, ಭಯಕ್ಕೆ.

ಮೂರನೆಯ ದಿನ ನಮ್ಮವರು ಕಣ್ಣು ತೆರೆದರು. ಮೊದಲು ಕಂಡದ್ದು ನನ್ನ ಬರಿಗೈ. ಹೆದರಿ ತಾಯಿಯ ಮುಖ ನೋಡಿದರು.

"ಯವ್ವಾ, ನಾ ಅದೀನೋ ಇಲ್ಲೋ?"

"ಅದೀ. ಸುಮ್ನ ಮಲ್ಕೊ," ಅಂದ ಅತ್ತಿ, ಆಚೆ ತಿರುಗಿ ಮೂಗು ಒರೆಸಿಕೊಂಡರು.

ನನ್ನ ಎರಡು ಬೆರಳು ಇನ್ನೂ ಮಡಚುವುದಿಲ್ಲ. ರೊಟ್ಟಿ ಬಡಿದರೆ ಒಂದು ಕಡೆ ದಪ್ಪ ಉಳಿಯುತ್ತದೆ. ನಮ್ಮವರು ಆ ದಪ್ಪ ಕಡೆಯಿಂದಲೇ ಮುರಿದುಕೊಂಡು ಉಣ್ಣುತ್ತಾರೆ.