ಬೀರುವಿನ ಕನ್ನಡಿಗೆ ಹಾಕಿದ ಪಂಚೆ

ನಾನು ಪತ್ರಿಕೆಯಲ್ಲಿದ್ದಾಗ, ಭಾನುವಾರದ ಪುರವಣಿಗೆ ಓದುಗರು ಕಳಿಸುತ್ತಿದ್ದ 'ನಿಜ ಅನುಭವ'ಗಳನ್ನು ಕಸದ ಬುಟ್ಟಿಗೆ ಹಾಕುವ ಕೆಲಸ ನನ್ನದಾಗಿತ್ತು. ಸಂತೋಷದಿಂದಲೇ ಮಾಡುತ್ತಿದ್ದೆ. ಬಿಳಿ ಸೀರೆ, ತಿರುಗಿದ ಪಾದ, ತಾನಾಗಿ ತೆರೆದ ಬಾಗಿಲು. ಬರೆದವರಿಗೆ ದೆವ್ವ ಕಂಡಿತ್ತೋ ಇಲ್ಲವೋ, ವಿಭಕ್ತಿ ಪ್ರತ್ಯಯವಂತೂ ಕಂಡಿರಲಿಲ್ಲ. ಒಬ್ಬನೇ ಕಂಡದ್ದು ಸುದ್ದಿಯಲ್ಲ ಎಂಬುದು ನಮ್ಮ ಡೆಸ್ಕಿನ ನಿಯಮ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಬರೆಯಲಿರುವುದನ್ನು ಕಂಡವನು ನಾನೊಬ್ಬನೇ.

ಎಂಬತ್ತರ ದಶಕದ ಮೊದಲ ವರ್ಷಗಳು. ಹುಬ್ಬಳ್ಳಿಯಿಂದ ರಜೆ ಹಾಕಿ, ಹೆಂಡತಿ ನಳಿನಿ ಮತ್ತು ಮಗ ಪುಟ್ಟುವಿನ ಜೊತೆ ಜಯನಗರದ ಅತ್ತೆಯ ಮನೆಗೆ ಬಂದಿದ್ದೆ. ಪುಟ್ಟುವಿಗೆ ಎರಡು ವರ್ಷ ದಾಟಿದ್ದರೂ ಒಂದು ಮಾತೂ ಬಂದಿರಲಿಲ್ಲ. ಅಮ್ಮ ಅನ್ನುವುದೂ ಇಲ್ಲ. ಕಿವಿ ಸರಿಯಿದೆ, ಕಾದು ನೋಡಿ ಎಂದಿದ್ದರು ಡಾಕ್ಟರು. ನಳಿನಿ ಅವನು ಮಲಗಿದ ಮೇಲೆ ಅಳುತ್ತಿದ್ದಳು.

ಅತ್ತೆಯವರ ಬಳಿ ಡಾಕ್ಟರಿಗಿಂತ ಖಚಿತವಾದ ಉತ್ತರವಿತ್ತು. ಮಾತು ಬರುವ ಮುಂಚೆ ಮಗುವಿಗೆ ಕನ್ನಡಿ ತೋರಿಸಿದರೆ ಅದು ಮೂಕವಾಗುತ್ತದಂತೆ, ನಾವು ತೋರಿಸಿಬಿಟ್ಟಿದ್ದೇವಂತೆ. ಹಾಗಾಗಿ ಹಾಲ್‌ನಲ್ಲಿದ್ದ ಬೀರುವಿನ ಕನ್ನಡಿಗೆ ಹಳೇ ಪಂಚೆ ಇಳಿಬಿಟ್ಟು, ತುದಿಯನ್ನು ಮೇಲಿನ ಸೂಟ್‌ಕೇಸುಗಳ ಅಡಿ ಸಿಕ್ಕಿಸಿದ್ದರು. ನಾನು ಆ ಪಂಚೆಯನ್ನು ನೋಡಿಕೊಂಡು ತಲೆ ಬಾಚಬೇಕಿತ್ತು.

"ಪಂಚೆಗೂ ನಾಲಿಗೆಗೂ ಏನು ಸಂಬಂಧ ಅತ್ತೆ?" ಎಂದೆ.

"ನೀವು ಪೇಪರ್‌ನೋರು, ನಿಮಗೆ ಮಾತಿಗೇನು ಬರಗಾಲ? ಮಾತು ಬರ್ದೇ ಇರೋದು ಮಗೂಗಲ್ವಾ, ಅಳಿಯಂದ್ರೇ!"

ಈ ಮೌಢ್ಯಕ್ಕೆ ಮದ್ದು ಎಂದುಕೊಂಡೇ ಮರುದಿನ ಮಗುವನ್ನು ವಿಜ್ಞಾನ ಮ್ಯೂಸಿಯಮ್ಮಿಗೆ ಕರೆದೊಯ್ದೆ. ಯಾವುದೋ ಟ್ರಸ್ಟಿನವರು ಜೆ.ಪಿ. ನಗರದ ಒಂದು ಮನೆಯಲ್ಲಿ ನಡೆಸುತ್ತಿದ್ದದ್ದು, ಈಗಿಲ್ಲ. ವಿಜ್ಞಾನವೂ ಅಲ್ಲಿ ಅಷ್ಟಕ್ಕಷ್ಟೇ. ಗುಂಡಿ ಒತ್ತಿದರೆ ತಿರುಗಬೇಕಾದ ಗ್ರಹಗಳು ತಿರುಗಲಿಲ್ಲ. 'ಮುಟ್ಟಿ ನೋಡಿ' ಎಂಬ ಬೋರ್ಡಿನ ಪಕ್ಕದಲ್ಲೇ ನಿಂತು ಕಾವಲುಗಾರ "ಮುಟ್ಬೇಡಿ ಸಾರ್" ಎನ್ನುತ್ತಿದ್ದ. ಉಗಿ ಎಂಜಿನ್ನಿನ ಮಾದರಿಯ ಮೇಲೆ ಆಯುಧಪೂಜೆಯ ಕುಂಕುಮ ಇನ್ನೂ ಇತ್ತು.

ಕೊನೆಯ ಕೋಣೆಯಲ್ಲಿ ಎದುರುಬದುರಾಗಿ ಎರಡು ದೊಡ್ಡ ಕನ್ನಡಿ. ನಡುವೆ ನಿಂತರೆ ಬಿಂಬದೊಳಗೆ ಬಿಂಬ, ಸಾಲುಸಾಲು. ನಳಿನಿ ಬಾಗಿಲಲ್ಲೇ ನಿಂತಳು.

"ರೀ, ಬೇಡ. ಅಮ್ಮಂಗೆ ಗೊತ್ತಾದ್ರೆ..."

"ಗೊತ್ತಾಗ್ಲಿ ಅಂತಲೇ" ಎಂದು ಪುಟ್ಟುವನ್ನು ಎತ್ತಿಕೊಂಡು ಒಳಗೆ ಹೋದೆ.

ಕಂಡದ್ದನ್ನು ಕಂಡಂತೆ ಬರೆಯುತ್ತೇನೆ. ಮಗು ನನ್ನ ತೋಳಿನಲ್ಲಿ ನೆಟ್ಟಗೆ ಕೂತು ಕಣ್ಣರಳಿಸಿ ನೋಡುತ್ತಿತ್ತು. ಬಿಂಬಗಳಲ್ಲೂ ಹಾಗೆಯೇ. ಆದರೆ ಸ್ವಲ್ಪ ಒಳಗಿನ ಒಂದರಲ್ಲಿ ಮಗು ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಮಾಡುತ್ತಿತ್ತು. ಇಂಥ ಕನ್ನಡಿಗಳಲ್ಲಿ ಒಂದು ಬಿಟ್ಟು ಒಂದು ಬಿಂಬ ಬೆನ್ನು ತೋರಿಸುತ್ತದೆಂದು ನನಗೆ ಗೊತ್ತು. ಇದು ಬೆನ್ನಲ್ಲ. ಮುಚ್ಚಿದ ಕಣ್ಣು, ಅರೆತೆರೆದ ಬಾಯಿ ಕಂಡೆ. ಪಕ್ಕಕ್ಕೆ ಸರಿದೆ. ಎಲ್ಲ ಬಿಂಬಗಳಲ್ಲೂ ಸರಿದೆ. ಅಲ್ಲಿನ ಮಗು ಏಳಲಿಲ್ಲ.

ಪುಟ್ಟು ಅತ್ತಲೇ ಕೈ ಚಾಚಿ "ಬಾ" ಎಂದ. ಸ್ಪಷ್ಟವಾಗಿ. ಇನ್ನೊಮ್ಮೆ, ಕೊಂಚ ಗದರುವಂತೆ, "ಬಾ!"

ನಳಿನಿ ಓಡಿಬಂದು ಅವನನ್ನು ಕಸಿದುಕೊಂಡು ಅತ್ತಳು, ನಕ್ಕಳು. ಬಾಗಿಲಲ್ಲಿದ್ದ ಅವಳಿಗೆ ತಲುಪಿದ್ದು ಆ ಮಾತು ಮಾತ್ರ. ನಾನು ಮತ್ತೆ ನೋಡಿದಾಗ ಸಾಲಿನುದ್ದಕ್ಕೂ ಬರಿಗೈಯಲ್ಲಿ ನಾನೇ ನಿಂತಿದ್ದೆ.

ಆ ವಾರದಲ್ಲೇ ಅಮ್ಮ, ಅಜ್ಜಿ, ಕಾಗೆ, ಬಸ್ಸು ಎಲ್ಲ ಬಂದವು. ಕನ್ನಡಿ ಮಾತು ಕಸಿಯುವುದಿಲ್ಲ ಎಂದು ಅತ್ತೆಯವರ ಮುಂದೆ ಸಾರಬಹುದಿತ್ತು. ಸಾರಲಿಲ್ಲ. ಮುಂದೆ ಯಾವಾಗಲೋ ಫಿಸಿಕ್ಸ್ ಮೇಷ್ಟ್ರೊಬ್ಬರಿಗೆ ಹೇಳಿದಾಗ ಗಾಜಿನ ದೋಷ ಎಂದರು. ಗಾಜಿನ ದೋಷಕ್ಕೆ ಮೂಗು ಡೊಂಕಾಗುತ್ತದೆ, ಮಗು ಮಲಗುವುದಿಲ್ಲ. ಆ ಮೇಷ್ಟ್ರಿಗಿಂತ ಬಿಳಿ ಸೀರೆ ಕಂಡ ನಮ್ಮ ಓದುಗರೇ ವಾಸಿ.

ಅತ್ತೆಯವರು ಪಂಚೆಯಿಂದಲೇ ಮಾತು ಬಂತೆಂದು ಬೀದಿಗೆಲ್ಲ ಹೇಳಿ, ಇನ್ನು ಬೇಡವೆಂದು ಅದನ್ನು ತೆಗೆದು ಮಡಿಸಿಟ್ಟರು. ಅವತ್ತು ಮಧ್ಯಾಹ್ನ ಪುಟ್ಟು ಬೀರುವಿನ ಮುಂದೆ ನಿಂತಿದ್ದ. ಎಷ್ಟೋ ಮಾತು ಬಂದಿದ್ದರೂ ಕನ್ನಡಿಗೆ ಹೇಳಿದ್ದು ಒಂದೇ: "ಬಾ." ಸ್ವಲ್ಪ ಹೊತ್ತು ಕಾದ. ಆಮೇಲೆ ಯಾರಿಗೋ ದಾರಿ ಬಿಡುವಂತೆ ಪಕ್ಕಕ್ಕೆ ಸರಿದು ನಿಂತ.

ನಾನು ಪಂಚೆ ತಂದು, ಸೂಟ್‌ಕೇಸು ಎತ್ತಿ, ಮತ್ತೆ ಮೊದಲಿನಂತೆ ಸಿಕ್ಕಿಸಿದೆ.

"ಇದೇನು ಅಳಿಯಂದ್ರೇ, ಈಗ್ಯಾಕೆ?" ಅತ್ತೆ ನಕ್ಕರು.

"ಧೂಳು ಕೂರುತ್ತೆ" ಎಂದೆ.

ಅದಕ್ಕಿಂತ ಒಳ್ಳೆಯ ವಿವರಣೆ ನನಗೆ ಇವತ್ತಿಗೂ ಸಿಕ್ಕಿಲ್ಲ.