ಹೆಸರೊಂದೇ, ಡಿಸ್ಕ್ ಬೇರೆ

“ಎಂಟರ್ ಒತ್ರಿ ವೈನಿ, ಅಡಿಗಿ ಮಾಡಾಕೂ ಇಷ್ಟೊತ್ತು ಹಿಡಿಯೂದಿಲ್ಲ!” ಎಂದು ಬೆಳಗಾವಿ ಕಡೆಯಿಂದ ಹೊಸದಾಗಿ ಬಂದಿದ್ದ ಮ್ಯಾನೇಜರರು ನನ್ನನ್ನು ಅತ್ತಿಗೆಯೆಂದು ಕರೆದು ನಕ್ಕರು. ನಾನು ಕೀಬೋರ್ಡಿನ ಮೇಲೆ ಅಂಗೈ ಅಡ್ಡ ಇಟ್ಟೆ.

ಕೊರ್ಲಿಮ್‌ನ ನಮ್ಮ ಕಾರ್ಖಾನೆಯಲ್ಲಿ ನಾನು ನೋಡಿಕೊಳ್ಳುತ್ತಿದ್ದ ಜೋಡಿ ಸರ್ವರ್‌ಗಳಿದ್ದವು. ಒಂದು ಕೆಟ್ಟರೆ ಇನ್ನೊಂದು ತಕ್ಷಣ ಕೆಲಸ ಹಿಡಿಯಬೇಕು. ಯಾವ ಡಿಸ್ಕನ್ನು ಯಾವುದಕ್ಕೆ ಬಳಸಬೇಕೆಂದು ತಿಳಿಸುವ ಫೈಲನ್ನು ಮೊದಲನೆಯದರಿಂದ ಎರಡನೆಯದಕ್ಕೆ ಹಾಗೇ ನಕಲು ಮಾಡಬೇಕೆಂಬುದು ಅವರ ಹಟ. ಆದರೆ ಮೊದಲ ಸರ್ವರ್‌ನಲ್ಲಿ ‘ಬಿ’ ಎಂದರೆ ದಿನದ ಕೆಲಸದ ಡಿಸ್ಕ್. ಎರಡನೆಯದರಲ್ಲಿ ‘ಬಿ’ ಎಂದರೆ ಎಲ್ಲದರ ಪ್ರತಿಯನ್ನು ಜೋಪಾನವಾಗಿಟ್ಟ ಬ್ಯಾಕಪ್ ಡಿಸ್ಕ್. ಹಾಗೇ ನಕಲು ಮಾಡಿದರೆ ಎರಡನೆಯದು ಕೆಲಸ ಹಿಡಿದ ದಿನ ಬ್ಯಾಕಪ್ಪಿನ ಮೇಲೆಯೇ ಹೊಸದನ್ನು ಬರೆದು ಎಲ್ಲ ಅಳಿಸಿಹಾಕುತ್ತಿತ್ತು.

“ಹೆಸರು ಒಂದೇ ಐತಲ್ರಿ?” ಎಂದರು.

“ಸರ್, ತವರಮನ್ಯಾಗ ‘ಅಕ್ಕಾ’ ಅಂದ್ರ ನಾ ಓ ಅಂತೇನಿ. ಗಂಡನ ಮನ್ಯಾಗ ‘ಅಕ್ಕಾ’ ಅಂದ್ರ ನಮ್ಮ ಹಿರೇ ನೆಗೆಣ್ಣಿ, ಗಂಡನ ಅಣ್ಣನ ಹೆಂಡ್ತಿ, ಓ ಅಂತಾಳ. ನನ್ನ ಸೀರಿ ಅಂತ ಅಕಿ ಕಪಾಟಕ್ಕ ಕೈ ಹಾಕಿದ್ರ ನಡೀತೈತೇನ್ರಿ? ನಾ ಒತ್ತಂಗಿಲ್ಲ. ಬೇಕಾದ್ರ ಬ್ಯಾರೇದವ್ರನ್ನ ನೌಕ್ರಿಗೆ ಕರೀರಿ.”

ಅವರು ಕೆಂಪಾಗಿ ಹೊರಗೆ ಹೋದರು. ನಾನು ಕುಳಿತು, ‘ಬಿ’ಯಂಥ ಹೆಸರಿನ ಬದಲು, ಯಾವ ಸರ್ವರ್‌ಗೆ ಹೋದರೂ ಬದಲಾಗದ ಆಯಾ ಡಿಸ್ಕಿನ ಗುರುತಿನ ಸಂಖ್ಯೆಯನ್ನೇ ಎರಡೂ ಫೈಲುಗಳಲ್ಲಿ ಬರೆದೆ. ಅವರನ್ನು ಕರೆದು, ಅವರೆದುರಿಗೇ ಮೊದಲ ಸರ್ವರ್ ಬಂದ್ ಮಾಡಿದೆ. ಎರಡನೆಯದು ಸದ್ದಿಲ್ಲದೆ ಸರಿಯಾದ ಡಿಸ್ಕನ್ನೇ ಹಿಡಿಯಿತು.

ಇಂದಿಗೂ ಯಾರಾದರೂ “ಹೆಸರು ಒಂದೇ ಐತಲ್ಲ, ಒತ್ತಿಬಿಡ್ರಿ” ಎಂದರೆ, ನನ್ನ ಅಂಗೈ ತಾನಾಗಿಯೇ ಕೀಬೋರ್ಡಿಗೆ ಅಡ್ಡ ಬರುತ್ತದೆ.